ನಾಲ್ಕು ಹೆಸರು, ಒಂದು ಪ್ರಾಜೆಕ್ಟ್: ಎಂಜಿನಿಯರಿಂಗ್ ಟೀಮ್‌ಗಳು ಎಡವುವುದು ಎಲ್ಲಿ?

ಕೊನೇ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟ್ ತೆಗೆದು ನೋಡಿ. ಮೊದಲ ಪುಟದಲ್ಲಿ ನಾಲ್ಕು ಹೆಸರು, ಪಕ್ಕದಲ್ಲಿ ನಾಲ್ಕು ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರ್. ಕೆಲಸ ಮಾಡಿದವರು ಯಾರು ಅನ್ನೋದು ಮಾತ್ರ ಕ್ಲಾಸಿಗೆಲ್ಲ ಗೊತ್ತು. ಒಬ್ಬ ಕೋಡ್ ಬರೆದ, ಇಲ್ಲವೇ ಲೇತ್ ಮುಂದೆ ನಿಂತ. ಒಬ್ಬಳು ರಿಪೋರ್ಟ್ ಟೈಪ್ ಮಾಡಿದಳು. ಇನ್ನೊಬ್ಬ ಪ್ರಿಂಟ್ ತೆಗೆಸಿ ಬೈಂಡಿಂಗ್ ಹಾಕಿಸಿದ. ನಾಲ್ಕನೆಯವನು ತನ್ನ ಪಾಲಿನ ದುಡ್ಡು ಕೊಟ್ಟ. ವೈವಾದ ಹಿಂದಿನ ರಾತ್ರಿ, ಮಾಡಿದವನು ಉಳಿದ ಮೂವರನ್ನು ಕೂರಿಸಿಕೊಂಡು "ಸರ್ ಇದು ಕೇಳಿದ್ರೆ ಹೀಗೆ ಹೇಳಿ" ಅಂತ ಪಾಠ ಮಾಡುತ್ತಾನೆ.

ಹಾಗಾದರೆ ಟೀಮ್ ಯಾಕೆ ಬೇಕು? ಒಬ್ಬೊಬ್ಬರೇ ಒಂದೊಂದು ಮಾಡಿದರೆ ಆಗಲ್ವಾ?

ಇದಕ್ಕೆ ಕಾಲೇಜಿನ ಉತ್ತರ ಕಾಗದದ ಮೇಲೆ ಸಿದ್ಧವಾಗಿಯೇ ಇದೆ. ನಮ್ಮ ಎಂಜಿನಿಯರಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮೂಲಕ ಭಾರತ 2014ರಲ್ಲಿ ವಾಷಿಂಗ್ಟನ್ ಅಕಾರ್ಡ್‌ನ ಪೂರ್ಣ ಸದಸ್ಯ ದೇಶವಾಯಿತು. ಅಂದರೆ ಇಲ್ಲಿ ಮಾನ್ಯತೆ ಪಡೆದ ಡಿಗ್ರಿಯನ್ನು ಬೇರೆ ಸದಸ್ಯ ದೇಶಗಳೂ ಸರಿಸಮ ಅಂತ ಒಪ್ಪಬೇಕು. ಅದಕ್ಕೆ ಬದಲಾಗಿ, ಪಾಸಾಗಿ ಹೊರಬರುವ ಹುಡುಗ ಹುಡುಗಿಯರಿಗೆ ಏನೇನು ಬರಬೇಕು ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಬಹಳ ವರ್ಷ ಚಾಲ್ತಿಯಲ್ಲಿದ್ದ 12 ಅಂಶಗಳ ಆ ಪಟ್ಟಿಯಲ್ಲಿ 3ನೆಯದು ಡಿಸೈನ್, 9ನೆಯದು ಟೀಮ್‌ನಲ್ಲಿ ಕೆಲಸ ಮಾಡುವುದು, 11ನೆಯದು ಪ್ರಾಜೆಕ್ಟ್ ಮತ್ತು ಹಣಕಾಸು ನೋಡಿಕೊಳ್ಳುವುದು. ಲೆಕ್ಚರರ್‌ಗಳು ಸೆಮ್ ಕೊನೆಗೆ ಹಿಡಿಶಾಪ ಹಾಕುತ್ತಾ ತುಂಬುವ 'ಪಿಒ ಮ್ಯಾಪಿಂಗ್', ಅಂದರೆ ಯಾವ ಪಾಠದಿಂದ ಪಟ್ಟಿಯ ಯಾವ ಅಂಶ (ಪ್ರೋಗ್ರಾಂ ಔಟ್‌ಕಮ್) ಬಂತು ಅನ್ನುವ ಲೆಕ್ಕ, ಇದೇ. ಗೋಡೆ ಮೇಲಿನ ಕಪ್ಪು ಹಲಗೆಯಲ್ಲಿ ಈ ಮೂರನ್ನೂ ಕಲಿಸಲು ಆಗುವುದಿಲ್ಲ. ಹಾಗಾಗಿ ಪ್ರಾಜೆಕ್ಟ್.

ಕಾಗದದ ಉತ್ತರ ಸರಿಯೇ. ಆದರೆ ಇಂಥ ಪ್ರಾಜೆಕ್ಟ್‌ನಲ್ಲಿ ನಿಜವಾಗಿ ಕಷ್ಟ ಯಾವುದು ಅಂತ ಅದು ಹೇಳುವುದಿಲ್ಲ. ಟೀಮ್ ವರ್ಕ್ ಅಂದರೆ ಕೆಲಸ ಹಂಚಿಕೊಳ್ಳುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಹಂಚಿಕೊಳ್ಳುವುದಕ್ಕೆ ಅರ್ಧ ಗಂಟೆ ಸಾಕು. ಹಂಚಿಕೊಂಡ ತುಂಡುಗಳು ಮತ್ತೆ ಸೇರುವ ಜಾಗ ಇದೆಯಲ್ಲ, ಡಿಸೈನ್ ಇರುವುದು ಅಲ್ಲಿ. ಪ್ರಾಜೆಕ್ಟ್‌ಗಳು ಕೆಡುವುದೂ ಅಲ್ಲೇ. ಇದು ಕಣ್ಣಿಗೆ ಕಾಣಬೇಕು ಅಂದರೆ ವಿದ್ಯಾರ್ಥಿಗಳು ಕಟ್ಟುವ ರೇಸ್ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಹುಡುಗರು ಕಟ್ಟುವ ರೇಸ್ ಕಾರು

ಫಾರ್ಮುಲಾ ಎಸ್‌ಎಇ ಅನ್ನುವ ಸ್ಪರ್ಧೆ 1981ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್‌ನಲ್ಲಿ ಶುರುವಾಯಿತು. 1998ರಲ್ಲಿ ಇಂಗ್ಲೆಂಡಿಗೆ ಹೋಗಿ ಫಾರ್ಮುಲಾ ಸ್ಟೂಡೆಂಟ್ ಆಯಿತು. ಭಾರತದಲ್ಲಿ ಫಾರ್ಮುಲಾ ಭಾರತ್ ಹೆಸರಿನ ಸ್ಪರ್ಧೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತದೆ. ಇಂದೋರ್ ಹತ್ತಿರದ ಪೀತಂಪುರದಲ್ಲಿ 2007ರಿಂದ ನಡೆದುಬಂದ ಬಾಹಾ ಇದರ ಕಲ್ಲುಮಣ್ಣಿನ ದಾರಿಯ ಅಣ್ಣ ಅನ್ನಬಹುದು. ಬೆಂಗಳೂರಿನ ಆರ್‌ವಿ ಕಾಲೇಜಿನ ಅಶ್ವ ರೇಸಿಂಗ್ 2003ರಿಂದಲೂ ಇಂಥ ಕಾರು ಕಟ್ಟುತ್ತಿದೆ. ಇವತ್ತು ರಾಜ್ಯದ ಎಷ್ಟೋ ಕಾಲೇಜುಗಳ ವರ್ಕ್‌ಶಾಪ್ ಮೂಲೆಯಲ್ಲಿ ಒಂದು ಪೈಪ್ ಫ್ರೇಮ್, ಸುತ್ತ ಎಣ್ಣೆ ಮೆತ್ತಿದ ಟೀ ಶರ್ಟ್‌ಗಳು ಕಾಣುತ್ತವೆ.

ನಿಯಮಗಳು ಚೆನ್ನಾಗಿ ಯೋಚಿಸಿ ಮಾಡಿದವು. ಡಿಸೈನ್ ವಿದ್ಯಾರ್ಥಿಗಳದ್ದೇ ಆಗಿರಬೇಕು. ಮೇಷ್ಟ್ರು ಸಲಹೆ ಕೊಡಬಹುದು, ಗೆರೆ ಎಳೆಯುವಂತಿಲ್ಲ. ಪೆಟ್ರೋಲ್ ಕಾರಿಗೆ ಎಂಜಿನ್ 710 ಸಿಸಿ ಮೀರಬಾರದು. ಒಳಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್‌ನ ಒಂದು ಕಂಡಿಯಿಂದಲೇ ಹೋಗಬೇಕು, ಹಾಗಾಗಿ ದುಡ್ಡು ಸುರಿದು ದೊಡ್ಡ ಎಂಜಿನ್ ತಂದರೂ ಲಾಭ ಇಲ್ಲ. ನಮ್ಮ ಟೀಮ್‌ಗಳಲ್ಲಿ ಬಹಳ ಜನ ಕೆಟಿಎಂ 390 ಬೈಕಿನ ಎಂಜಿನ್ ಹಾಕುತ್ತಾರೆ.

ಅಂಕಗಳನ್ನು ನೋಡಿದರೆ ಇದರ ಜಾಣತನ ಇನ್ನೂ ತಿಳಿಯುತ್ತದೆ. ಅಮೆರಿಕದ ಸ್ಪರ್ಧೆಯಲ್ಲಿ ಒಟ್ಟು 1000 ಅಂಕ. ಅದರಲ್ಲಿ 325 ಅಂಕಕ್ಕೆ ಕಾರು ಅಲುಗಾಡಬೇಕಾಗಿಯೇ ಇಲ್ಲ. ಡಿಸೈನ್ ಸಮರ್ಥಿಸಿಕೊಳ್ಳುವುದಕ್ಕೆ 150, ಖರ್ಚಿನ ಲೆಕ್ಕಕ್ಕೆ 100, ವ್ಯಾಪಾರದ ಪ್ರೆಸೆಂಟೇಷನ್‌ಗೆ 75. ಓಡುವ ಪರೀಕ್ಷೆಗಳಲ್ಲಿ ಅತಿ ದೊಡ್ಡದು ಎಂಡ್ಯೂರೆನ್ಸ್, 275 ಅಂಕ. ಸುಮಾರು 22 ಕಿಲೋಮೀಟರ್ ಓಟ. ಅರ್ಧದಲ್ಲಿ ನಿಲ್ಲಿಸಿ ಡ್ರೈವರ್ ಬದಲಾಯಿಸಬೇಕು, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಬೇಕು. ಕೇಳಲು ಏನೂ ಅನ್ನಿಸುವುದಿಲ್ಲ, ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹೋದಷ್ಟು ದೂರ. ಆದರೂ ಈ 22 ಕಿಲೋಮೀಟರ್ ಮುಗಿಸಲಾರದೆ ನಡುವೆಯೇ ನಿಂತುಬಿಡುವ ಕಾರುಗಳು ಎಲ್ಲಾ ದೇಶದಲ್ಲೂ ಇವೆ. ಎಂಜಿನ್ ಸೀಳಿ ಹೋಗಿರುವುದಿಲ್ಲ. ಒಂದು ವೈರ್ ಸೈಲೆನ್ಸರ್ ಪಕ್ಕದಲ್ಲಿ ಹೋಗಿ ಕರಗಿರುತ್ತದೆ. ಒಂದು ಬೋಲ್ಟ್ ಸಡಿಲವಾಗಿರುತ್ತದೆ. ಒಂದು ಹೋಸ್ ಇನ್ನೊಬ್ಬರ ಬ್ರ್ಯಾಕೆಟ್‌ಗೆ ಉಜ್ಜಿ ತೂತಾಗಿರುತ್ತದೆ.

ವೈರ್ ಎಲೆಕ್ಟ್ರಿಕಲ್ ಟೀಮಿನದು. ಸೈಲೆನ್ಸರ್ ಎಂಜಿನ್ ಟೀಮಿನದು. ಅವೆರಡರ ನಡುವಿನ ಎರಡು ಇಂಚು ಜಾಗ ಯಾರದ್ದು?

ಒಂದು ಚಕ್ರದ ಒಳಗೆ ಇಣುಕಿ

ಇದನ್ನು ಇನ್ನೂ ಹತ್ತಿರದಿಂದ ನೋಡೋಣ. ಇಂಥ ಕಾರಿನ ಮುಂದಿನ ಚಕ್ರದ ರಿಮ್ 10 ಇಲ್ಲವೇ 13 ಇಂಚು ಇರುತ್ತದೆ. ಆ ಬಟ್ಟಲಿನೊಳಗೆ ಏನೇನು ಕೂರಬೇಕು ನೋಡಿ. ಚಕ್ರ ತಿರುಗುವ ಹಬ್, ಅದರ ಬೇರಿಂಗ್. ಇವನ್ನು ಹಿಡಿದುಕೊಳ್ಳುವ ಅಪ್‌ರೈಟ್. ಬ್ರೇಕ್ ಡಿಸ್ಕ್, ಅದನ್ನು ಕಚ್ಚುವ ಕ್ಯಾಲಿಪರ್. ಸಸ್ಪೆನ್ಷನ್ನಿನ ಮೇಲಿನ ತೋಳು, ಕೆಳಗಿನ ತೋಳು ಬಂದು ಸೇರುವ ಎರಡು ಕೀಲು. ಸ್ಟೀರಿಂಗ್‌ನಿಂದ ಬರುವ ಟೈ ರಾಡ್. ವೇಗ ಅಳೆಯುವ ಸೆನ್ಸರ್, ಅದರ ವೈರ್.

ಸಸ್ಪೆನ್ಷನ್ ನೋಡುವವನಿಗೆ ಕೆಳಗಿನ ಕೀಲು ಆದಷ್ಟು ರಿಮ್ ಒಳಕ್ಕೆ ಹೋಗಬೇಕು. ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಸ್ಟೀರಿಂಗ್ ಕೈಯಲ್ಲಿ ಎಳೆದಾಡುತ್ತದೆ. ಬ್ರೇಕ್ ನೋಡುವವಳಿಗೆ ದೊಡ್ಡ ಡಿಸ್ಕ್ ಬೇಕು, ಅಷ್ಟೇ ಹಿಡಿತಕ್ಕೆ ಕಾಲಿನ ಒತ್ತಡ ಕಡಿಮೆ ಸಾಕಾಗುತ್ತದೆ. ಡಿಸ್ಕ್ ದೊಡ್ಡದಾದರೆ ಕ್ಯಾಲಿಪರ್ ರಿಮ್‌ಗೆ ತಾಗುತ್ತದೆ. ಸ್ಟೀರಿಂಗ್‌ನವನು ಟೈ ರಾಡ್ ಕೂರುವ ತೋಳು ಉದ್ದ ಇರಲಿ ಅನ್ನುತ್ತಾನೆ, ಅದು ಕ್ಯಾಲಿಪರ್ ಜಾಗಕ್ಕೇ ಬರುತ್ತದೆ. ಅಪ್‌ರೈಟ್ ಮಾಡುವವಳು ತೂಕ ಇಳಿಸಲು ಲೋಹ ಕೆತ್ತುತ್ತಾ ಹೋಗುತ್ತಾಳೆ, ಅದೇ ಜಾಗಕ್ಕೆ ಸೆನ್ಸರ್ ಕೂರಿಸಬೇಕಿತ್ತು ಅಂತ ಎಲೆಕ್ಟ್ರಿಕಲ್‌ನವರು ಎರಡು ತಿಂಗಳ ಮೇಲೆ ಬಂದು ಹೇಳುತ್ತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಆದರೆ ಇಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ. ಒಬ್ಬೊಬ್ಬರ ಕ್ಯಾಡ್ ಮಾಡೆಲ್ (ಕಂಪ್ಯೂಟರ್‌ನಲ್ಲಿ ಬಿಡಿಸಿದ ಡಿಸೈನ್) ತೆರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಇದರಲ್ಲೂ ಸಣ್ಣ ಒಂದು ವಿಷಯ ಹೇಳಬೇಕು. ಕ್ಯಾಲಿಪರ್ ಮೇಲೆ ಬ್ಲೀಡ್ ನಿಪ್ಪಲ್ ಅಂತ ಚಿಕ್ಕ ತಿರುಪು ಇರುತ್ತದೆ. ಬ್ರೇಕ್ ಎಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿಯನ್ನು ಅದರ ಮೂಲಕ ಹೊರಗೆ ಬಿಡಬೇಕು. ಗಾಳಿ ಯಾವಾಗಲೂ ಮೇಲಕ್ಕೆ ಬರುವುದರಿಂದ ಆ ನಿಪ್ಪಲ್ ಕ್ಯಾಲಿಪರ್‌ನ ತುದಿಯಲ್ಲಿ, ಎಲ್ಲಕ್ಕಿಂತ ಮೇಲೆ ಇರಬೇಕು. ಜಾಗ ಸಾಲಲಿಲ್ಲ ಅಂತ ಕ್ಯಾಲಿಪರ್ ತಿರುಗಿಸಿ ಕೂರಿಸಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಕ್ಯಾಡ್‌ನಲ್ಲಿ ಎಲ್ಲಾ ಚೆಂದ ಕಾಣುತ್ತದೆ. ಕಾರು ಕಟ್ಟಿದ ಮೇಲೆ ಪೆಡಲ್ ಒತ್ತಿದರೆ ಮೆತ್ತಗೆ, ಸ್ಪಂಜಿನ ಹಾಗೆ. ಒಳಗೆ ಗಾಳಿ ಉಳಿದಿದೆ, ಎಷ್ಟು ಬ್ಲೀಡ್ ಮಾಡಿದರೂ ಹೋಗುವುದಿಲ್ಲ. ಸ್ಪರ್ಧೆಯ ಬ್ರೇಕ್ ಟೆಸ್ಟ್‌ನಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಬೇಕು, ಆಗದಿದ್ದರೆ ಟ್ರ್ಯಾಕಿಗೆ ಬಿಡುವುದಿಲ್ಲ. ಒಂದು ವರ್ಷದ ಕೆಲಸ ಕೈಬೆರಳುದ್ದದ ತಿರುಪಿನ ಹತ್ತಿರ ನಿಂತುಬಿಡುತ್ತದೆ. ಯಾರ ತಪ್ಪು? ಬ್ರೇಕಿನವಳು "ನಾನು ಸರಿಯಾದ ಕ್ಯಾಲಿಪರ್ ಕೊಟ್ಟಿದ್ದೆ" ಅನ್ನುತ್ತಾಳೆ. ಅಪ್‌ರೈಟಿನವಳು "ನಾನು ಹೇಳಿದ ಜಾಗದಲ್ಲೇ ತೂತು ಹಾಕಿದ್ದೆ" ಅನ್ನುತ್ತಾಳೆ. ಇಬ್ಬರದ್ದೂ ನಿಜ.

ಅಂಕಿಯೂ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ

ಸೇರುವ ಜಾಗ ಅಂದರೆ ಲೋಹ ಲೋಹಕ್ಕೆ ತಾಗುವ ಜಾಗ ಅಷ್ಟೇ ಅಂತ ತಿಳಿಯಬೇಡಿ. ಒಬ್ಬರು ಲೆಕ್ಕ ಹಾಕಿದ ಅಂಕಿಯನ್ನು ಇನ್ನೊಬ್ಬರು ಬಳಸುವ ಕಡೆಯೂ ಅದು ಇದೆ. ಒಂದು ಪುಟ್ಟ ಲೆಕ್ಕ ಮಾಡೋಣ. ಹೈಸ್ಕೂಲ್ ಫಿಸಿಕ್ಸ್ ಸಾಕು.

ಡ್ರೈವರ್ ಸೇರಿ ಕಾರು 280 ಕೆಜಿ ಇದೆ ಅಂದುಕೊಳ್ಳಿ. ತೂಕ ಮುಂದೆ ಹಿಂದೆ ಸಮ. ನಿಂತ ಕಾರಿನ ಒಂದೊಂದು ಚಕ್ರದ ಮೇಲೆ ಸುಮಾರು 685 ನ್ಯೂಟನ್ ಭಾರ. ಈಗ 1.5 ಜಿ ಯಷ್ಟು, ಅಂದರೆ ಗುರುತ್ವದ ವೇಗೋತ್ಕರ್ಷದ ಒಂದೂವರೆ ಪಟ್ಟು, ಜೋರಾಗಿ ಬ್ರೇಕ್ ಹಿಡಿಯಿರಿ. ಕಾರಿನ ಗುರುತ್ವ ಕೇಂದ್ರ ನೆಲದಿಂದ 30 ಸೆಂಟಿಮೀಟರ್ ಮೇಲಿದೆ, ಮುಂದಿನ ಹಿಂದಿನ ಚಕ್ರಗಳ ನಡುವೆ 1.55 ಮೀಟರ್ ಇದೆ ಅಂತಾದರೆ, ಸುಮಾರು 800 ನ್ಯೂಟನ್ ಭಾರ ಹಿಂದಿನಿಂದ ಮುಂದಕ್ಕೆ ಜಾರುತ್ತದೆ. ಮುಂದಿನ ಒಂದೊಂದು ಚಕ್ರದ ಮೇಲೆ 1085 ಆಯಿತು, ಹಿಂದಿನದರ ಮೇಲೆ 290ರ ಆಸುಪಾಸು ಉಳಿಯಿತು. ರಸ್ತೆ ಮುಂದಿನ ಒಂದೊಂದು ಚಕ್ರವನ್ನು ಹಿಂದಕ್ಕೆ ತಳ್ಳುವ ಬಲ 1600 ನ್ಯೂಟನ್ ದಾಟುತ್ತದೆ. ನಿಂತ ಕಾರಿನ ಭಾರ ಹಾಕಿ ಅಪ್‌ರೈಟ್ ಡಿಸೈನ್ ಮಾಡಿದವರ ಗತಿ ಏನು ಅಂತ ಯೋಚಿಸಿ. ಮುಂದೆ ಹಿಂದೆ ಒಂದೇ ಸೈಜಿನ ಬ್ರೇಕ್ ಹಾಕಿ, ಒಂದೇ ಒತ್ತಡ ಕೊಟ್ಟರೆ ಹಿಂದಿನ ಚಕ್ರ ಯಾಕೆ ಮೊದಲೇ ಲಾಕ್ ಆಗಿ ಕಾರು ಗಿರ್ರನೆ ತಿರುಗುತ್ತದೆ ಅನ್ನುವುದೂ ಇದೇ ಲೆಕ್ಕದಲ್ಲಿ ಸಿಗುತ್ತದೆ.

ಈಗ ಸೀಟು ಮತ್ತು ಎಂಜಿನ್ ಕೂರಿಸುವವರು ಚೈನ್ ಎಳೆಯಲು ಜಾಗ ಬೇಕು ಅಂತ ಎಲ್ಲವನ್ನೂ ಸ್ವಲ್ಪ ಮೇಲಕ್ಕೆ ಎತ್ತಿದರು. ಗುರುತ್ವ ಕೇಂದ್ರ 30ರಿಂದ 35 ಸೆಂಟಿಮೀಟರ್ ಆಯಿತು. ಮುಂದಿನ ಚಕ್ರದ ಭಾರ 1150ಕ್ಕೆ ಏರಿತು, ಬ್ರೇಕ್ ಬಲ ಇನ್ನೂ 100 ನ್ಯೂಟನ್ ಹೆಚ್ಚಿತು. ಅಪ್‌ರೈಟ್ ಮಾಡುವವಳಿಗೆ ಇದನ್ನು ಯಾರಾದರೂ ಹೇಳಿದರಾ? ಬಹಳ ಸಲ ಇಲ್ಲ. ಅವಳು ಅಕ್ಟೋಬರ್‌ನಲ್ಲಿ ತೆಗೆದುಕೊಂಡ ಅಂಕಿಯನ್ನೇ ಫೆಬ್ರವರಿವರೆಗೆ ನಂಬಿಕೊಂಡು ಕೂತಿರುತ್ತಾಳೆ.

ದೊಡ್ಡವರು ಇಂಥ ತಪ್ಪು ಮಾಡಲ್ಲ ಅಂದುಕೊಂಡರೆ 1999ರ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ಇದೆ. ನೌಕೆಯ ಸಣ್ಣ ರಾಕೆಟ್‌ಗಳು ಕೊಟ್ಟ ತಳ್ಳುಬಲವನ್ನು ಲಾಕ್‌ಹೀಡ್ ಮಾರ್ಟಿನ್‌ನ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತು. ನಾಸಾ ಕಡೆಯವರು ಅದನ್ನು ನ್ಯೂಟನ್ ಅಂತ ಓದಿದರು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಸೆಪ್ಟೆಂಬರ್ 23ರಂದು ಮಂಗಳ ಗ್ರಹ ತಲುಪಿದ ನೌಕೆ ಇರಬೇಕಾದ್ದಕ್ಕಿಂತ ತುಂಬಾ ಕೆಳಗೆ ಹೋಗಿ ಕಳೆದುಹೋಯಿತು. ಎರಡೂ ಕಡೆಯವರು ತಮ್ಮ ತಮ್ಮ ಕೆಲಸ ಬಲ್ಲವರೇ. ಲೆಕ್ಕ ಕೈ ಬದಲಾಯಿಸುವ ಜಾಗದಲ್ಲಿ ಯಾರೂ ನಿಂತು ನೋಡಲಿಲ್ಲ.

ಇದಕ್ಕೆ ಮದ್ದು ಏನೂ ದೊಡ್ಡದಲ್ಲ. ಟೀಮ್‌ಗೆಲ್ಲ ಸೇರಿ ಒಂದೇ ಒಂದು ಶೀಟ್. ಯಾವ ಅಂಕಿ, ಯಾವ ಅಳತೆಯಲ್ಲಿ, ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು, ಕೊನೇ ಸಲ ಬದಲಾದದ್ದು ಯಾವಾಗ. ಬದಲಾಯಿಸಿದವರು ತೆಗೆದುಕೊಳ್ಳುವವರಿಗೆ ಬಾಯಿಬಿಟ್ಟು ಹೇಳಬೇಕು. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಹೇಳಿದಂತಲ್ಲ. ಗುಡ್ ಮಾರ್ನಿಂಗ್, ಇಂಟರ್ನಲ್ಸ್ ಟೈಮ್‌ಟೇಬಲ್, ಬರ್ತ್‌ಡೇ ಕೇಕಿನ ಕೆಳಗೆ ಅದು ಹೂತು ಹೋಗುತ್ತದೆ. ಇದರ ಜೊತೆಗೆ, ಎರಡು ಭಾಗ ಸೇರುವ ಪ್ರತಿ ಜಾಗಕ್ಕೂ ಒಂದು ಹೆಸರು ಬರೆದಿಡಬೇಕು. ಎರಡು ಹೆಸರು ಬರೆದರೆ ಯಾರೂ ಇಲ್ಲ ಅಂತಲೇ ಲೆಕ್ಕ.

ಕೆಲಸಗಳ್ಳ ಅನ್ನುವ ಮೊದಲು

ಟೀಮ್ ಪ್ರಾಜೆಕ್ಟ್ ಮಾತು ಬಂದರೆ ಎಲ್ಲರ ಬಾಯಲ್ಲೂ ಬರುವ ದೂರು ಒಂದೇ: "ನಮ್ಮ ಟೀಮಲ್ಲಿ ಇಬ್ಬರು ಏನೂ ಮಾಡಲ್ಲ." ಈ ದೂರಿಗೆ ಒಂದು ಹಳೆಯ ಪ್ರಯೋಗ ಇದೆ. ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಅನ್ನುವ ಫ್ರಾನ್ಸಿನ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದ. ಅದನ್ನು ಪ್ರಕಟಿಸಿದ್ದು 1913ರಲ್ಲಿ. ಜನ ಜಾಸ್ತಿ ಆದಂತೆ ಒಬ್ಬೊಬ್ಬರ ಬಲ ಇಳಿಯುತ್ತಾ ಹೋಯಿತು. ಎಂಟು ಜನ ಒಟ್ಟಿಗೆ ಎಳೆದಾಗ ತಲಾ ಬಲ, ಒಬ್ಬನೇ ಎಳೆದಾಗ ಬಂದದ್ದರ ಅರ್ಧಕ್ಕೆ ಇಳಿದಿತ್ತು.

ಇದನ್ನು ಓದಿದ ಕೂಡಲೇ "ನೋಡಿದ್ರಾ, ಗುಂಪಲ್ಲಿ ಎಲ್ಲಾ ಮೈಗಳ್ಳರೇ" ಅನ್ನಿಸುತ್ತದೆ, ಅಲ್ವಾ? ಅದು ಪೂರ್ತಿ ಸರಿಯಲ್ಲ. ಎಂಟು ಜನ ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿಗೆ ಎಳೆಯುವುದೇ ಕಷ್ಟ. ಒಂದಿಷ್ಟು ಬಲ ಹಾಗೆಯೇ ಪೋಲಾಗುತ್ತದೆ. 1974ರಲ್ಲಿ ಅಮೆರಿಕದಲ್ಲಿ ಈ ಎರಡನ್ನೂ ಬೇರೆ ಮಾಡಿ ನೋಡಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಇನ್ನೂ ಜನ ಎಳೆಯುತ್ತಿದ್ದಾರೆ ಅಂತ ನಂಬಿಸಿ, ಒಬ್ಬನಿಂದಲೇ ಎಳೆಸಿದರು. ಆಗಲೂ ಬಲ ಸ್ವಲ್ಪ ಇಳಿಯಿತು. ಅಂದರೆ ಸೋಮಾರಿತನ ಇರುವುದು ನಿಜ, ಹೊಂದಿಕೆ ಇಲ್ಲದೆ ಆಗುವ ನಷ್ಟವೂ ನಿಜ.

ಕಾಲೇಜು ಟೀಮ್‌ಗಳಲ್ಲಿ ಎರಡನೆಯದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಶುರುವಿನಲ್ಲಿ ಎಲ್ಲರಿಗೂ ಹುಮ್ಮಸ್ಸು ಇರುತ್ತದೆ. ಕೋಡ್ ಚೆನ್ನಾಗಿ ಬರುವವನು ಅಥವಾ ಕ್ಯಾಡ್ ಮೊದಲೇ ಕಲಿತವಳು ಮೊದಲ ವಾರವೇ ಓಡತೊಡಗುತ್ತಾರೆ. ಉಳಿದವರು "ನನಗೇನು ಕೆಲಸ?" ಅಂತ ಕೇಳಿದರೆ "ಇರು, ಇದು ಮುಗಿಲಿ ಹೇಳ್ತೀನಿ" ಅನ್ನುತ್ತಾರೆ. ಅದು ಮುಗಿಯುವುದೇ ಇಲ್ಲ. ಎರಡು ಮೂರು ಸಲ ಕೇಳಿದವನು ಆಮೇಲೆ ಕೇಳುವುದನ್ನು ಬಿಡುತ್ತಾನೆ. ಮೂರನೇ ತಿಂಗಳಿಗೆ ಅವನಿಗೆ ಕೆಲಸಗಳ್ಳ ಅನ್ನುವ ಪಟ್ಟ. ಹುಡುಗಿಯರಿಗೆ ತಾನಾಗಿಯೇ ರಿಪೋರ್ಟ್, ಪಿಪಿಟಿ ಕೆಲಸ ಹೋಗಿ ಸೇರುವುದೂ ಹೀಗೆಯೇ. ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ, ಆಗಿಬಿಟ್ಟಿರುತ್ತದೆ. ವೆಲ್ಡಿಂಗ್ ಮಾಸ್ಕ್ ಕೈಗೆ ಬರದೆ ನಾಲ್ಕು ವರ್ಷ ಮುಗಿಸಿದ ಮೆಕ್ಯಾನಿಕಲ್ ಹುಡುಗಿಯರು ಎಷ್ಟಿಲ್ಲ!

ಜನ ಜಾಸ್ತಿ ಆದರೆ ಮಾತಿನ ದಾರಿಗಳೂ ಜಾಸ್ತಿ. ನಾಲ್ಕು ಜನರಿದ್ದರೆ ಆರು ಜೋಡಿ. ಇಪ್ಪತ್ತೈದು ಜನರ ಕಾರ್ ಟೀಮಾದರೆ 300 ಜೋಡಿ. ಎಲ್ಲರೂ ಎಲ್ಲರ ಹತ್ತಿರ ಮಾತಾಡಲು ಆಗುವುದಿಲ್ಲ. ಅದಕ್ಕೇ ಸಬ್‌ಟೀಮ್ ಮಾಡುತ್ತಾರೆ. ಆದರೆ ಸಬ್‌ಟೀಮ್ ಗೆರೆ ಎಲ್ಲಿ ಎಳೆದಿರೋ ಕಾರಿನಲ್ಲೂ ಅಲ್ಲೇ ಬಿರುಕು ಬರುತ್ತದೆ. ಮೆಲ್ವಿನ್ ಕಾನ್ವೇ ಅನ್ನುವ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಇದನ್ನು ಬರೆದಿದ್ದ: ಒಂದು ಸಂಸ್ಥೆ ಮಾಡುವ ಡಿಸೈನ್, ಆ ಸಂಸ್ಥೆಯ ಜನ ಪರಸ್ಪರ ಮಾತಾಡುವ ರೀತಿಯನ್ನೇ ಹೋಲುತ್ತದೆ ಅಂತ. ಎಲೆಕ್ಟ್ರಿಕಲ್‌ನವರು ಲ್ಯಾಬ್‌ನಲ್ಲಿ, ಮೆಕ್ಯಾನಿಕಲ್‌ನವರು ವರ್ಕ್‌ಶಾಪ್‌ನಲ್ಲಿ ಕೂತು ವಾರಕ್ಕೊಮ್ಮೆ ಸಿಗುವ ಟೀಮಿನ ಕಾರು ನೋಡಿ. ವೈರಿಂಗ್ ಎಲ್ಲವೂ ಕೊನೆಗೆ ಹೊರಗಿನಿಂದ ಝಿಪ್ ಟೈ ಹಾಕಿ ಕಟ್ಟಿದ್ದೇ ಆಗಿರುತ್ತದೆ.

ಹಗುರ ಅಂದರೆ ಎಷ್ಟು?

ಡಿಸೈನ್ ಜಡ್ಜ್‌ಗಳು ಕೇಳುವ ಪ್ರಶ್ನೆ ಒಂದೇ, ಬೇರೆ ಬೇರೆ ರೂಪದಲ್ಲಿ: ಯಾಕೆ? ಈ ಪೈಪ್ ಯಾಕೆ ಇಷ್ಟು ದಪ್ಪ? ಈ ಸ್ಪ್ರಿಂಗ್ ಯಾಕೆ? "ಹೋದ ವರ್ಷ ಹೀಗೇ ಇತ್ತು ಸರ್" ಅನ್ನುವುದು ಅತಿ ಕೆಟ್ಟ ಉತ್ತರ. ಅದಕ್ಕಿಂತ ಸ್ವಲ್ಪವೇ ಮೇಲಿನದು ಕಂಪ್ಯೂಟರ್‌ನಲ್ಲಿ ತೆಗೆದ ಬಣ್ಣಬಣ್ಣದ ಸ್ಟ್ರೆಸ್ ಚಿತ್ರ (ಭಾಗದ ಮೇಲೆ ಒತ್ತಡ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ತೋರಿಸುವುದು) ತೋರಿಸಿ ಸುಮ್ನೆ ನಿಲ್ಲುವುದು. ಕೆಂಪು ಎಲ್ಲಿದೆ ನೀಲಿ ಎಲ್ಲಿದೆ ಅನ್ನುವುದು ಆಮೇಲಿನ ಮಾತು. ಹಾಕಿದ ಬಲ ಎಲ್ಲಿಂದ ಬಂತು ಅಂತ ಜಡ್ಜ್ ಕೇಳುತ್ತಾರೆ. ಆಗ ಉತ್ತರ ಇರುವುದು ಪಕ್ಕದಲ್ಲಿ ನಿಂತ ಸಸ್ಪೆನ್ಷನ್ ಹುಡುಗನ ಹತ್ತಿರ. ಇಬ್ಬರೂ ಒಂದೇ ಅಂಕಿ ಹೇಳುತ್ತಾರಾ ಅಂತ ನೋಡಿದರೆ ಸಾಕು, ಟೀಮ್ ಹೇಗಿದೆ ಅಂತ ಗೊತ್ತಾಗುತ್ತದೆ.

ಶುರುವಿನಲ್ಲೇ ಬೇಡಿಕೆಗಳನ್ನು ಅಂಕಿಯಲ್ಲಿ ಬರೆದಿದ್ದರೆ ಈ ಪಾಡು ಇರುವುದಿಲ್ಲ. "ಕಾರು ಹಗುರ ಇರಬೇಕು" ಅನ್ನುವುದು ಆಸೆ. "ಮುಂದಿನ ಅಪ್‌ರೈಟ್ 600 ಗ್ರಾಂ ಮೀರಬಾರದು" ಅನ್ನುವುದು ಬೇಡಿಕೆ. ಒಟ್ಟು ತೂಕವನ್ನು ಮೊದಲೇ ಎಲ್ಲರಿಗೂ ಹಂಚಬೇಕು, ವಾರಕ್ಕೊಮ್ಮೆ ತಕ್ಕಡಿಗೆ ಹಾಕಿ ನೋಡಬೇಕು. ಇಲ್ಲದಿದ್ದರೆ ಆಗುವುದು ಮೂಗಿಗಿಂತ ಮೂಗುತಿ ಭಾರ. ಅಪ್‌ರೈಟ್‌ನಲ್ಲಿ 50 ಗ್ರಾಂ ಉಳಿಸಲು ಒಂದು ತಿಂಗಳು ಒದ್ದಾಡಿ, ಅದನ್ನು ಹಿಡಿಯುವ ಬ್ರ್ಯಾಕೆಟ್‌ಗೆ ಅರ್ಧ ಕೆಜಿ ಕಬ್ಬಿಣ ಹಾಕುತ್ತಾರೆ.

ಐಡಿಯಾ ಆರಿಸುವುದಕ್ಕೆ ಪಠ್ಯದಲ್ಲಿ ಒಂದು ಕೋಷ್ಟಕ ಇರುತ್ತದೆ. ಎಡಗಡೆ ಗುಣಗಳು, ಮೇಲೆ ಐಡಿಯಾಗಳು, ಒಳಗೆ ಅಂಕ. ಹತ್ತರಲ್ಲಿ ಒಂಬತ್ತು ಟೀಮ್ ಮೊದಲು ಐಡಿಯಾ ತೀರ್ಮಾನಿಸಿ, ಅದು ಗೆಲ್ಲುವ ಹಾಗೆ ಆಮೇಲೆ ಅಂಕ ತುಂಬುತ್ತದೆ ಅಂತ ನನ್ನ ಗುಮಾನಿ. ಕೋಷ್ಟಕ ತುಂಬುವಾಗ ಆಗುವ ಜಗಳ ಉಪಯೋಗಕ್ಕೆ ಬರುತ್ತದೆ, ಕೊನೆಯ ಮೊತ್ತ ಅಷ್ಟಕ್ಕಷ್ಟೇ.

ಸಮಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಕ್ಯಾಲೆಂಡರನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಸ್ಪರ್ಧೆ ಇಲ್ಲವೇ ವೈವಾ ದಿನ, ಅದಕ್ಕೆ ಮೊದಲು ಓಡಿಸಿ ನೋಡುವ ವಾರಗಳು, ಅದಕ್ಕೂ ಮೊದಲು ಜೋಡಿಸುವುದು, ಅದಕ್ಕೂ ಮೊದಲು ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಲೋಹ ಕೆತ್ತಿಕೊಡುವ ಪೀಣ್ಯದ ಸಿಎನ್‌ಸಿ ಅಂಗಡಿಯವರು "ನಾಳೆ ಬನ್ನಿ" ಅನ್ನುವ ದಿನಗಳು, ನಡುವೆ ಮೂರು ಇಂಟರ್ನಲ್ಸ್, ಒಂದು ಸೆಮ್ ಪರೀಕ್ಷೆ. ಇಷ್ಟನ್ನೂ ಕಳೆದರೆ ಡಿಸೈನ್ ಎಂದು ನಿಲ್ಲಬೇಕು ಅಂತ ಗೊತ್ತಾಗುತ್ತದೆ. ಆ ದಿನ ಕಂಡು ಎಲ್ಲರಿಗೂ ಗಾಬರಿಯಾಗುತ್ತದೆ. ಆಗಬೇಕು. ಕಡಿಮೆ ಜಾಣ್ಮೆಯ ಕಾರು ಜಾಸ್ತಿ ಓಡಿದ್ದರೆ, ಬಹಳ ಜಾಣ್ಮೆಯ ಓಡದ ಕಾರನ್ನು ಎಂಡ್ಯೂರೆನ್ಸ್‌ನಲ್ಲಿ ಸೋಲಿಸುತ್ತದೆ.

ನಾಲ್ಕು ಜನರ ಪ್ರಾಜೆಕ್ಟ್‌ಗೆ ಇದೆಲ್ಲ ಬೇಕಾ?

ಬೇಕು, ಸಣ್ಣ ಮಟ್ಟದಲ್ಲಿ. ಮಲೆನಾಡು ಕರಾವಳಿ ಕಡೆ ಕಾಲೇಜುಗಳಲ್ಲಿ ಅಡಿಕೆ ಸುಲಿಯುವ ಯಂತ್ರ ಎಂದೂ ಮುಗಿಯದ ಪ್ರಾಜೆಕ್ಟ್. ಒಬ್ಬ ಫ್ರೇಮ್, ಒಬ್ಬಳು ಬ್ಲೇಡ್, ಒಬ್ಬ ಮೋಟಾರು, ಒಬ್ಬಳು ಅಡಿಕೆ ಹಾಕುವ ಬಾಯಿ. ಇಲ್ಲಿ ಸೇರುವ ಜಾಗ ಯಾವುದು? ಬಾಯಿಯಿಂದ ಅಡಿಕೆ ಬ್ಲೇಡಿಗೆ ಯಾವ ಮಗ್ಗುಲಾಗಿ ಬೀಳುತ್ತದೆ ಅನ್ನುವುದು. ಅಡ್ಡ ಬಿದ್ದರೆ ಸಿಪ್ಪೆ ಬಿಡುತ್ತದೆ, ಉದ್ದ ಬಿದ್ದರೆ ಅಡಿಕೆಯೇ ಚೂರಾಗುತ್ತದೆ ಅಂತ ಇಟ್ಟುಕೊಳ್ಳಿ. ಬಾಯಿ ಮಾಡಿದವಳ ಕೆಲಸ ಅಡಿಕೆ ಕೆಳಗೆ ಬಿದ್ದರೆ ಮುಗಿಯಿತು. ಬ್ಲೇಡಿನವಳ ಕೆಲಸ ಅಡಿಕೆ ಸರಿಯಾಗಿ ಬಂದ ಮೇಲೆ ಶುರು. ನಡುವಿನ ಮೂರು ಇಂಚಿನಲ್ಲಿ ಪ್ರಾಜೆಕ್ಟ್ ಬಿದ್ದುಹೋಗುತ್ತದೆ. ಇನ್ನೊಂದು ಸೇರುವ ಜಾಗ ಟೀಮಿನ ಹೊರಗಿದೆ: ತೋಟದವರು. ಅಂಗಡಿಯಿಂದ ಒಂದೇ ಗಾತ್ರದ ಕಾಲು ಕೆಜಿ ಅಡಿಕೆ ತಂದು ಟೆಸ್ಟ್ ಮಾಡಿ "ಕೆಲಸ ಮಾಡುತ್ತೆ" ಅಂದರೆ ಆಗುವುದಿಲ್ಲ. ಅಂಗಳದ ರಾಶಿಯಲ್ಲಿ ದೊಡ್ಡದು, ಚಿಕ್ಕದು, ಸೊಟ್ಟಗಿನದು ಎಲ್ಲಾ ಇರುತ್ತವೆ.

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಆವರಣದಲ್ಲಿರುವ ಕೆಎಸ್‌ಸಿಎಸ್‌ಟಿ, ಅಂದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತಾ ಬಂದಿದೆ. ಅದಕ್ಕೆ ಅರ್ಜಿ ಹಾಕುವ ಟೀಮ್‌ಗಳಾದರೂ ಒಂದು ಸಲ ತೋಟಕ್ಕೆ ಹೋಗಿ ಬನ್ನಿ. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ಅಲ್ಲಿ ಸಿಗುವುದರಲ್ಲಿ ಎಲ್ಲವೂ ಮೊದಲೇ ಸೇರಿರುತ್ತದೆ. ಕಲಿಯಬೇಕಾದ್ದು ಅದೊಂದೇ ಆಗಿತ್ತು.

ಮಾರ್ಕ್ಸ್ ವಿಷಯಕ್ಕೆ ಬಂದರೆ, ನಾಲ್ವರಿಗೂ ಒಂದೇ ಅಂಕ ಕೊಡುವುದು ಅನ್ಯಾಯ, ಪೂರ್ತಿ ಬೇರೆ ಬೇರೆ ಕೊಡುವುದೂ ಅಷ್ಟೇ ತಪ್ಪು. ಬೇರೆ ಬೇರೆ ಅಂತಾದರೆ ಎಲ್ಲರೂ ತಮ್ಮ ತುಂಡನ್ನು ಮಾತ್ರ ಹೊಳಪು ಮಾಡುತ್ತಾರೆ. ಒಂದು ಪಾಲು ಇಡೀ ಯಂತ್ರಕ್ಕೆ, ಒಂದು ಪಾಲು ಒಬ್ಬೊಬ್ಬರಿಗೆ ಇರಲಿ. ಸಹಪಾಠಿಗಳೇ ಗುಟ್ಟಾಗಿ ಒಬ್ಬರನ್ನೊಬ್ಬರು ಅಳೆಯುವ ಪದ್ಧತಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕಡೆ ಚೆನ್ನಾಗಿ ಬೆಳೆದಿದೆ. ಇಲ್ಲೂ ಕೆಲವು ಮೇಷ್ಟ್ರು ಮಾಡುತ್ತಾರೆ. ಕೊನೆಯಲ್ಲಿ ಒಮ್ಮೆ ಮಾಡಿದರೆ ಸೇಡು ತೀರಿಸಿಕೊಳ್ಳುವ ಫಾರಂ ಆಗುತ್ತದೆ. ನಡುವೆ ಒಮ್ಮೆ ಮಾಡಿದರೆ ಸರಿಪಡಿಸಿಕೊಳ್ಳಲು ಟೈಮ್ ಇರುತ್ತದೆ. ಇನ್ನು ವೈವಾದಲ್ಲಿ ನನಗೆ ಇಷ್ಟವಾದ ಪ್ರಶ್ನೆ ಒಂದಿದೆ. ಮೋಟಾರು ಹಾಕಿದವನಿಗೆ ಬ್ಲೇಡಿನ ಬಗ್ಗೆ ಕೇಳಬೇಕು: "ಅವಳಿಗೆ ನಿನ್ನಿಂದ ಏನು ಬೇಕಿತ್ತು?" ಬಾಯಿಪಾಠ ಮಾಡಿ ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಸೀನಿಯರ್ ಹೋದ ಮೇಲೆ

ಜನರ ನಡುವೆ ಇರುವಂತೆ ವರ್ಷಗಳ ನಡುವೆಯೂ ಸೇರುವ ಜಾಗ ಇದೆ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ ಸಿ15 ರಾಕೆಟ್‌ನಲ್ಲಿ ಸ್ಟಡ್‌ಸ್ಯಾಟ್ ಅನ್ನುವ ಒಂದು ಕೆಜಿಗೂ ಕಡಿಮೆ ತೂಕದ ಉಪಗ್ರಹ ಹಾರಿತು. ಅದನ್ನು ಕಟ್ಟಿದ್ದು ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಎರಡು ಊರು, ಏಳು ಕಾಲೇಜು, ಏಳು ಟೈಮ್‌ಟೇಬಲ್. ಆಮೇಲೆ 2016ರ ಸೆಪ್ಟೆಂಬರ್ 26ರಂದು ಒಂದೇ ರಾಕೆಟ್‌ನಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್, ಐಐಟಿ ಬಾಂಬೆಯ ಪ್ರಥಮ್ ಎರಡೂ ಹೋದವು. ಪ್ರಥಮ್ ಶುರುವಾದದ್ದು 2007ರಲ್ಲಿ. ಡಿಗ್ರಿ ನಾಲ್ಕು ವರ್ಷ. ಅಂದರೆ ಮೊದಲ ಚಿತ್ರ ಬರೆದವರು ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದ ಮೇಲೆ, ಅವರ ಮುಖವನ್ನೂ ನೋಡಿರದ ಜೂನಿಯರ್‌ಗಳು ಅದನ್ನು ರಾಕೆಟ್ ಹತ್ತಿರ ತೆಗೆದುಕೊಂಡು ಹೋದರು.

ಕಾರ್ ಟೀಮ್‌ಗಳಲ್ಲಿ ಇದು ಪ್ರತಿವರ್ಷದ ಗೋಳು. ಜೂನ್‌ನಲ್ಲಿ ಸೀನಿಯರ್‌ಗಳು ಹೋಗುತ್ತಾರೆ, ಗೂಗಲ್ ಡ್ರೈವ್‌ನಲ್ಲಿ 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅನ್ನುವ ಫೈಲುಗಳು ಉಳಿಯುತ್ತವೆ. ಜೂನಿಯರ್‌ಗಳಿಗೆ ಕೊನೆಯ ಆಕಾರ ಕಾಣುತ್ತದೆ, ಅದಕ್ಕೆ ಮೊದಲು ಕೈಬಿಟ್ಟ ಮೂರು ಆಕಾರ ಕಾಣುವುದಿಲ್ಲ. ಅದರಲ್ಲೊಂದನ್ನು ಹೊಸ ಐಡಿಯಾ ಅಂತ ಮತ್ತೆ ಹಿಡಿದು ಮೂರು ತಿಂಗಳು ಕಳೆಯುತ್ತಾರೆ. ಹಾಗಾಗಿ ಸೀನಿಯರ್‌ಗಳು ಬರೆದಿಡಬೇಕಾದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಬಿಟ್ಟುಬಿಟ್ಟ ಐಡಿಯಾಗಳ ಪಟ್ಟಿ. ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು, ಪರೀಕ್ಷೆ ಮಾಡಿ ಬಿಟ್ಟೆವೋ ಅಥವಾ ಟೈಮ್ ಸಾಲದೆ ಬಿಟ್ಟೆವೋ. ಟೈಮ್ ಸಾಲದೆ ಬಿಟ್ಟದ್ದನ್ನು ಜೂನಿಯರ್‌ಗಳು ಧಾರಾಳವಾಗಿ ಮತ್ತೆ ಎತ್ತಿಕೊಳ್ಳಬಹುದು.